ಬತ್ತಾಸಿಗೆ ಉಣಿಸಿ ಕಳಿಸಿದ್ದು

ಈ ಕಥೆಯನ್ನು ಮೊದಲು ಹೇಳಿದವಳು ಗಬ್ಬೂರಿನ ಕನ್ನಡ ಶಾಲೆಯ ಉಡಚವ್ವ ಅಕ್ಕೋರು. ಹೇಳಿದ್ದು 1967ರಲ್ಲಿ, ಯುಗಾದಿಯಾದ ಮೂರನೆಯ ದಿನ ಸಂಜೆ, ಶಾಲೆಯ ಕಟ್ಟೆಯ ಮೇಲೆ. ಕೇಳಿದವರು ಹೊಲದ ಕೆಲಸ ಮುಗಿಸಿ ಬಂದು ಕೂತ ಏಳೆಂಟು ಹೆಂಗಸರು. ಎಲ್ಲಿಂದಲೋ ಒಂದು ನಾಯಿಮರಿ ಬಂತು. ಅವರಲ್ಲಿ ಹಿರಿಯಳಾದ ರೆಹಮತ್‌ಬಿ ಸೆರಗಿನಲ್ಲಿದ್ದ ರೊಟ್ಟಿ ಮುರಿದು ಹಾಕಿದಳು.

"ಮುದಕಿ, ನೀ ತಿನ್ನೂ ರೊಟ್ಟಿ ನಾಯಿಗೆ ಹಾಕ್ತಿ?" ಎಂದು ಪಕ್ಕದವಳು ಕೆಣಕಿದಳು.

"ನನಗ ಹಲ್ಲಿಲ್ಲ, ಅದಕ್ಕ ಅದಾವು."

ಎಲ್ಲರೂ ನಕ್ಕರು. ಉಡಚವ್ವ ನಗಲಿಲ್ಲ. ಒಳಗೆ ಹೋಗಿ ಟ್ರಂಕಿನಿಂದ ಒಂದು ಕಟ್ಟು ಪತ್ರ ತಂದಳು. ಅರ್ಧ ಅವಳ ತಾಯಿ ಸಾವಕ್ಕ ಹೇಳಿ ಬರೆಸಿದವು, ಅರ್ಧ ತಾರಾಬಾಯಿಯವರು ಬರೆದವು. ತಾರಾಬಾಯಿ ಎಂದರೆ ಇಂಜಿನಿಯರ್ ಯಜ್ಞೇಶ್ವರರ ಹೆಂಡತಿ. ಹುಬ್ಬಳ್ಳಿಯ ಅವರ ಬಂಗಲೆಯಲ್ಲಿ ಸಾವಕ್ಕ ಹನ್ನೊಂದು ವರ್ಷ ಅಂಗಳ ಗುಡಿಸಿದ್ದಳು.

"ಇದ್ದದ್ದನ್ನ ಇದ್ದಂಗ ಓದತೇನಿ. ನಡುವ ಯಾರೂ ಏಳಬ್ಯಾಡ್ರಿ" ಎಂದು ಉಡಚವ್ವ ಮೊದಲನೆಯದನ್ನು ಬಿಚ್ಚಿದಳು.

*

ವಿಜಾಪುರ
12-6-1959

ಸಾವಕ್ಕನಿಗೆ,

ನಾವು ಸುಖವಾಗಿ ಮುಟ್ಟಿದೆವು. ಸರಕಾರಿ ಮನೆ ಸಿಗುವವರೆಗೆ ನಮ್ಮ ಅತ್ತೆ ಲಕ್ಷ್ಮೀಬಾಯಿಯವರ ಮನೆಯಲ್ಲಿ ಇರಬೇಕು. ಅವರು ಬಹಳ ಮಡಿಯವರು, ನಾಯಿಯ ನೆರಳೂ ಆಗದು. ಅದಕ್ಕೇ ಬತ್ತಾಸಿಯನ್ನು ನಿನ್ನ ಕೈಗೆ ಕೊಟ್ಟು ಬಂದೆ. ಬೈರಿದೇವರಕೊಪ್ಪದ ಬಸ್ಸಿಗೆ ನೀನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹತ್ತಿದ್ದು ಇನ್ನೂ ಕಣ್ಣ ಮುಂದಿದೆ.

ಉಡಚವ್ವ ಓದಿ ಹೇಳುತ್ತಾಳೆಂಬ ಧೈರ್ಯದಿಂದ ಎಲ್ಲವನ್ನೂ ಬರೆಯುತ್ತೇನೆ. ಪಾಮೇರಿಯನ್ ಜಾತಿ ನೋಡಲು ತುಪ್ಪಳದ ಗುಡ್ಡೆ, ಒಳಗಿರುವುದು ಬೆಕ್ಕಿನಷ್ಟು ಜೀವ. ಹೊಟ್ಟೆ ನನ್ನ ಮುಷ್ಟಿಯಷ್ಟು. ಮುಂಜಾನೆ ಅರ್ಧ ಬಟ್ಟಲು, ಸಂಜೆ ಅರ್ಧ ಬಟ್ಟಲು ಅನ್ನ-ಹಾಲು ಸಾಕು. ಬೇಡಿತೆಂದು ಹಾಕಬೇಡ, ಅದು ಯಾವಾಗಲೂ ಬೇಡುತ್ತದೆ. ದಿನಾ ಕಟ್ಟಿಗೆಯ ಹಣಿಗೆಯಿಂದ ಬಾಚು. ಕಿವಿಯ ಹಿಂದೆ ಕೂದಲು ಗಂಟಾಗುತ್ತದೆ; ಎಳೆಯಬೇಡ, ಬೆರಳಿನಿಂದ ಬಿಡಿಸು. ಮೈ ತೊಳೆದ ಮೇಲೆ ಕಿವಿಯೊಳಗೆ ನೀರು ಉಳಿಯದಂತೆ ಹತ್ತಿಯಿಂದ ಒರೆಸು. ಕಟ್ಟೆಯಿಂದ ಜಿಗಿಯಲು ಬಿಡಬೇಡ, ಅದರ ಕಾಲು ಗಾಜಿನ ಬಳೆಯಷ್ಟೇ ಗಟ್ಟಿ. ಬೇಸಿಗೆಯೆಂದು ಕೂದಲು ಕತ್ತರಿಸಲೂ ಬೇಡ. ಆ ಕೂದಲೇ ಅದಕ್ಕೆ ನೆರಳು.

ಬಸ್ಸು ಹೊರಟಾಗ ಅದು ತಿರುಗಿ ನೋಡಿತೇ? ನಾನು ನೋಡಲಿಲ್ಲ.

ನಿನ್ನ
ತಾರಾಬಾಯಿ

*

ಬೈರಿದೇವರಕೊಪ್ಪ
28-6-1959

ತಾರಾಬಾಯಿಯವರಿಗೆ ಸಾವಕ್ಕನ ನಮಸ್ಕಾರಗಳು. ಬರೆಯುವವಳು ಉಡಚವ್ವ, ಒಂಬತ್ತನೆಯ ಇಯತ್ತೆ.

ಅವ್ವ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. "ಬಾಯಾರ, ನಿಮ್ಮ ಮಗಳು ನನಗ ನಿದ್ದಿ ಮಾಡಗೊಡವಲ್ಲಳು. ಮೊದಲನೇ ದಿನ ಬಾಗಲಾ ಕೆರದು ಕೆರದು ಅತ್ತಳು. ಎರಡನೇ ದಿನ ನನ್ನ ಕೌದಿಯೊಳಗ ಬಂದ್ಲು. ಈಗ ಕೌದಿ ಆಕಿದು, ನಾ ಬರೇ ಚಾಪಿ ಮ್ಯಾಲೆ."

ಕೇರಿಯವರೆಲ್ಲ ನೋಡಲು ಬರುತ್ತಾರೆ. ಮೈಲಾರಲಿಂಗಪ್ಪ ಕಾಕಾ, "ಇದು ನಾಯಿ ಅಲ್ಲವಾ, ಯಾರೋ ಮೊಲಕ್ಕ ನಾಯಿ ಬಾಲಾ ಹಚ್ಯಾರ" ಎಂದರು. ಅವ್ವ ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದಳು.

ನೀವು ಕೊಟ್ಟ ಹಣಿಗೆಯ ಹಲ್ಲು ಮುರಿಯಿತು. ಅವ್ವ ತನ್ನ ಹಣಿಗೆಯನ್ನೇ ಅದಕ್ಕೆ ಇಟ್ಟಿದ್ದಾಳೆ. ಬತ್ತಾಸಿ ನಿಮ್ಮ ಮಂಚದ ಮೇಲೆ ಮಲಗುತ್ತಿತ್ತೆಂದು ನಿಮ್ಮ ಅಡುಗೆಯವಳಿಂದ ಕೇಳಿದ್ದನ್ನು ನಾನು ಹೇಳಿದರೆ ಅವ್ವ ನಂಬಲಿಲ್ಲ. ನಿಮ್ಮ ಮಂಚ ಎಲ್ಲಿದೆಯೆಂದು ಅವಳಿಗೆ ಗೊತ್ತಿಲ್ಲ. ಹಿತ್ತಲ ಬಾಗಿಲಿನಿಂದ ಒಳಗೆ ಅವಳು ಬಂದವಳಲ್ಲ.

ಬಸ್ಸು ಹೊರಟಾಗ ಅದು ನಿಮ್ಮತ್ತ ತಿರುಗಿ ನೋಡಿತಂತೆ. "ಬಸ್ಸು ಹೊಳ್ಳೂತನಕಾ ನೋಡ್ತು ಅಂತ ಬರಿ" ಎಂದಳು.

ಇತಿ
ಸಾವಕ್ಕ

*

ವಿಜಾಪುರ
20-9-1959

ಸಾವಕ್ಕನಿಗೆ,

ನಿನ್ನ ಪತ್ರವನ್ನು ಅಟ್ಟದ ಮೇಲೆ ಕೂತು ನಾಲ್ಕು ಸಲ ಓದಿದೆ. ಕೆಳಗೆ ಓದುವಂತಿಲ್ಲ. ನಿನ್ನೆ ಪಕ್ಕದ ಮನೆಯವರು ಬಂದಿದ್ದಾಗ ಅತ್ತೆಯವರು ಅವರೆದುರಿಗೇ, "ನಾಯಿಗೆ ಜೋಗುಳಾ ಹಾಡಿದಾಕಿಗೆ ದೇವರು ಕೂಸು ಯಾಕ ಕೊಟ್ಟಾನು?" ಎಂದರು. ಇವರು ಪೇಪರಿನಿಂದ ತಲೆ ಎತ್ತಲಿಲ್ಲ.

ನಿನಗೆ ಎಲ್ಲ ಗೊತ್ತು. ಎರಡು ಸಲ ಬಾಣಂತಿಕೋಣೆಗೆ ಸುಣ್ಣ ಹೊಡೆಸಿದೆವು. ಎರಡು ಸಲವೂ ಆ ಕೋಣೆಯನ್ನು ಹಾಗೆಯೇ ಮುಚ್ಚಿದೆವು. ಎರಡನೆಯ ಸಲವಾದ ಮೇಲೆ ಇವರು ಬೆಳಗಾವಿಯಿಂದ ಟೊಪ್ಪಿಗೆಯೊಳಗೆ ಬತ್ತಾಸಿಯನ್ನು ತಂದು ನನ್ನ ತೊಡೆಯ ಮೇಲೆ ಇಟ್ಟರು. ಅವತ್ತು ನಾನು ಊಟ ಮಾಡಿದೆ. ನೀನು ಹಿತ್ತಲಲ್ಲಿ ನಿಂತು, "ಬಾಯಾರು ಉಂಡ್ರೇನ?" ಎಂದು ಅಡುಗೆಯವಳನ್ನು ಕೇಳಿದ್ದು ನನಗೆ ಒಳಗೆ ಕೇಳಿಸಿತ್ತು. ನಿನಗೆ ಎಂದೂ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

ಮಳೆಗಾಲದಲ್ಲಿ ಉಣ್ಣೆಹುಳ ಹತ್ತುತ್ತವೆ. ಕಾಲಬೆರಳುಗಳ ನಡುವೆ ನೋಡು. ಮಲಗುವ ಮೊದಲು ಬತ್ತಾಸಿ ಒಂದು ದೊಡ್ಡ ಉಸಿರು ಬಿಡುತ್ತಿತ್ತು, ಮನೆಯ ಕೆಲಸವೆಲ್ಲ ತಾನೇ ಮಾಡಿ ಮುಗಿಸಿದ ಹಾಗೆ. ಈಗಲೂ ಬಿಡುತ್ತದೆಯೇ?

ನಿನ್ನ
ತಾರಾಬಾಯಿ

*

ಬೈರಿದೇವರಕೊಪ್ಪ
12-1-1960

ತಾರಾಬಾಯಿಯವರಿಗೆ ಸಾವಕ್ಕನ ನಮಸ್ಕಾರಗಳು.

ಬಿಡುತ್ತದೆ. ಅವ್ವ ಹೇಳುತ್ತಾಳೆ: "ನಾನೂ ಬಿಡತೇನಿ, ಆಕಿನೂ ಬಿಡತಾಳ. ಇಬ್ಬರೂ ಕೂಡೇ ಬಿಡತೇವಿ."

ಬರೆಯಲು ತಡವಾಯಿತು, ಕ್ಷಮಿಸಿರಿ. ಹೋದ ತಿಂಗಳು ಒಂದು ಬೀದಿನಾಯಿ ಬತ್ತಾಸಿಯ ಕುತ್ತಿಗೆಗೆ ಬಾಯಿ ಹಾಕಿತು. ಅವ್ವ ನಡುವೆ ಕೈ ಕೊಟ್ಟಳು. ಬತ್ತಾಸಿಗೆ ಎರಡು ಹಲ್ಲು ತಾಗಿದವು, ಅವ್ವನ ಮುಂಗೈಗೆ ಆರು. ಅದನ್ನು ಎತ್ತಿಕೊಂಡು ಹುಬ್ಬಳ್ಳಿಯ ದನದ ದವಾಖಾನೆಗೆ ನಡೆದೇ ಹೋದಳು. ಅಲ್ಲಿಯ ಕಂಪೌಂಡರ್, "ಮೊದಲು ಯಾರಿಗೆ ಮದ್ದು ಹಚ್ಚಲೆವಾ?" ಎಂದು ಕೇಳಿದರಂತೆ. "ಪರರ ಮನಿ ಕೂಸು, ಮೊದಲ ಅದಕ್ಕ ಹಚ್ಚರಿ" ಎಂದಳಂತೆ. ಮರುದಿನ ನಾನೇ ಅವಳನ್ನು ದೊಡ್ಡ ಆಸ್ಪತ್ರೆಗೆ ಎಳೆದುಕೊಂಡು ಹೋಗಿ ಹೊಟ್ಟೆಗೆ ಸೂಜಿ ಹಾಕಿಸಿದೆ. ಹದಿನಾಲ್ಕು ಸೂಜಿ. ಈಗ ಇಬ್ಬರೂ ಆರಾಮಿದ್ದಾರೆ.

ಅವ್ವ ಬೇಡವೆಂದರೂ ಇದೊಂದು ಮಾತು ಬರೆಯುತ್ತೇನೆ. ಬತ್ತಾಸಿ ನಮ್ಮ ಮನೆಯಲ್ಲಿ ಮಟನ್ ಸಾರಿನ ರುಚಿ ಕಂಡಿದೆ. ಈಗ ಅನ್ನ-ಹಾಲು ಹಾಕಿದರೆ ನಮ್ಮ ಮುಖ ನೋಡುತ್ತದೆ.

ಇತಿ
ಸಾವಕ್ಕ

*

ವಿಜಾಪುರ
5-4-1960

ಸಾವಕ್ಕನಿಗೆ,

ಸರಕಾರಿ ಮನೆ ಸಿಕ್ಕಿತು. ಹಿಂದೆ ಬೇವಿನ ಮರವಿದೆ. ಅತ್ತೆಯವರೂ ನಮ್ಮೊಡನೆ ಬಂದರು. ಆದರೆ ಇವರು ಮೊದಲ ಸಲ ತಾಯಿಗೆ ಎದುರು ನಿಂತು ಬತ್ತಾಸಿಯನ್ನು ತರಿಸಲು ಒಪ್ಪಿಸಿದರು. ನನಗೆ ಈಗಲೇ ಕೈಕಾಲು ನಿಲ್ಲುತ್ತಿಲ್ಲ.

ಇದೇ 17ಕ್ಕೆ ಮುಂಜಾನೆಯ ಗಾಡಿಗೆ ಕಳಿಸು. ನಮ್ಮ ಪರಿಚಯದ ರಮಾಕಾಂತರು ಆ ಗಾಡಿಯ ಗಾರ್ಡು. ನಾಯಿಯ ಪೆಟ್ಟಿಗೆಯನ್ನು ತಮ್ಮ ಡಬ್ಬಿಯಲ್ಲೇ ಇಟ್ಟುಕೊಳ್ಳುತ್ತಾರೆ. ಹೊಸಬರು ಮುಟ್ಟಿದರೆ ಕಚ್ಚುತ್ತದೆಂದು ಬಾಯಿಗೆ ಕಟ್ಟುವ ಚರ್ಮದ ಪಟ್ಟಿಯನ್ನು ಪಾರ್ಸಲಿನಲ್ಲಿ ಕಳಿಸಿದ್ದೇನೆ. ಗಾಡಿ ಹತ್ತಿಸುವಾಗ ಅದನ್ನು ಕಟ್ಟು.

ಇನ್ನೊಂದು ಮಾತು. ಅತ್ತೆಯವರು ಒಂದು ಷರತ್ತು ಹಾಕಿದ್ದಾರೆ. "ಆ ಕೇರಿ ಅನ್ನ ಹೊಟ್ಟ್ಯಾಗ ಇಟಗೊಂಡು ಅದು ನನ್ನ ಹೊಸ್ತಲಾ ದಾಟಬಾರದು" ಎನ್ನುತ್ತಾರೆ. ಆದ್ದರಿಂದ 16ರ ಸಂಜೆಯಿಂದ ನಿಮ್ಮ ಮನೆಯಲ್ಲಿ ಅದಕ್ಕೆ ಏನೂ ಉಣಿಸಬೇಡ. ಹೇಗೂ ಇಲ್ಲಿಯ ದನದ ಡಾಕ್ಟರರೂ ಹಾಗೆಯೇ ಹೇಳಿದರು. ಹೊಟ್ಟೆ ತುಂಬಿದ್ದರೆ ಗಾಡಿಯ ಕುಲುಕಾಟಕ್ಕೆ ವಾಂತಿಯಾಗುತ್ತದೆ, ಬಾಯಿ ಕಟ್ಟಿದ್ದರೆ ಉಸಿರು ಸಿಕ್ಕಿಕೊಳ್ಳುತ್ತದೆ. ಬರೀ ನೀರು ಕೊಟ್ಟು ಕಳಿಸು.

ನಿನ್ನ
ತಾರಾಬಾಯಿ

*

ಇಲ್ಲಿ ಉಡಚವ್ವ ಓದುವುದನ್ನು ನಿಲ್ಲಿಸಿದಳು.

"ಯಾಕವಾ, ನಿಂತಿ?" ಎಂದಳು ರೆಹಮತ್‌ಬಿ.

"ಅವತ್ತೂ ಇಲ್ಲೇ ನಿಂತಿದ್ನಿ."

ಅವತ್ತು ಸಾವಕ್ಕ ಬತ್ತಾಸಿಯನ್ನು ತೊಡೆಯ ಮೇಲಿಟ್ಟುಕೊಂಡು ಬಾಚುತ್ತ ಕೇಳುತ್ತಿದ್ದಳು. ಉಡಚವ್ವ ಬಾಯಿಪಟ್ಟಿಯ ಮಾತಿನವರೆಗೆ ಓದಿದಳು. ಮುಂದಿನ ಸಾಲು ಕಣ್ಣಿಗೆ ಬಿತ್ತು. ನಾಯಿಗಾಗಿ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡವಳ ಎದುರಿಗೆ ಆ ಸಾಲನ್ನು ಓದಲು ಅವಳ ನಾಲಿಗೆ ಏಳಲಿಲ್ಲ.

"ಮುಂದೇನೈತಿ?" ಎಂದು ಸಾವಕ್ಕ ಕೇಳಿದಳು.

"ಮುಂದೇನಿಲ್ಲ. ಸಹಿ ಐತಿ."

"ಡಾಕ್ಟರರ ಮಾತೂ ಮನಸಿನ್ಯಾಗ ಓದಿದ್ನಿ" ಎಂದಳು ಉಡಚವ್ವ ಕಟ್ಟೆಯ ಮೇಲಿನ ಹೆಂಗಸರಿಗೆ. "ಹೇಸಿ ಮಾತಿನ ಮ್ಯಾಲೆ ಹೊಚ್ಚಿದ ಶಾಲು ಅದು ಅಂತ ತಿಳಕೊಂಡ್ನಿ. ಖರೇನ ಹೇಳ್ಯಾರ ಅಂತ ಅನಸಲಿಲ್ಲ."

ಅವಳು ಮುಂದಿನ ಪತ್ರ ತೆಗೆದಳು.

*

ಬೈರಿದೇವರಕೊಪ್ಪ
17-4-1960

ತಾರಾಬಾಯಿಯವರಿಗೆ ಸಾವಕ್ಕನ ನಮಸ್ಕಾರಗಳು.

ಈ ದಿನ ಬತ್ತಾಸಿಯನ್ನು ಗಾಡಿ ಹತ್ತಿಸಿ ಬಂದೆವು. ಈ ಪತ್ರ ಸೇರುವ ಹೊತ್ತಿಗೆ ಅದು ನಿಮ್ಮ ಬೇವಿನ ಮರದ ಕೆಳಗೆ ಇರುತ್ತದೆ.

ಅವ್ವ ನಸುಕಿನಲ್ಲೇ ಎದ್ದು ಗೋದಿ ಹುಗ್ಗಿ ಮಾಡಿದಳು. ಬತ್ತಾಸಿಯ ಮೈ ತೊಳೆದು, ಕಿವಿ ಒರೆಸಿ, ಹಣೆಗೆ ಅರಿಷಿಣ ಹಚ್ಚಿ, ಮಣೆ ಹಾಕಿ ಕೂರಿಸಿ ಕೈಯಾರೆ ಉಣಿಸಿದಳು. ನಾನು ನಕ್ಕಿದ್ದಕ್ಕೆ ಹೇಳಿದ್ದನ್ನು ಬರೆಯುತ್ತೇನೆ. "ನಗಬ್ಯಾಡ. ಹೆಣ್ಣಮಗಳನ್ನ ಹಸಗೊಂಡು ಮನಿಯಿಂದ ಕಳಸೂ ಪದ್ಧತಿ ನನ್ನಲ್ಲಿಲ್ಲ. ಒಮ್ಮಿ ಕಳಿಸೇನಿ. ನಿಮ್ಮಕ್ಕ ಅಕ್ಕವ್ವ ಗಂಡನ ಮನಿಗೆ ಹೋಗೂ ದಿನಾ ಚಕ್ಕಡಿ ಲಗೂ ಬಂತು. ಅನ್ನ ಇನ್ನೂ ಕುದಿಯಾಕತ್ತಿತ್ತು. ಹಂಗ ಹತ್ತಿಸಿದ್ನಿ. ಮತ್ತ ನನ್ನ ಕೈಲೆ ಉಣ್ಣಾಕ ಆಕಿ ಬರಲೇ ಇಲ್ಲ." ಅಕ್ಕ ಮೊದಲ ಹೆರಿಗೆಯಲ್ಲೇ ತೀರಿಕೊಂಡಳು, ನಿಮಗೆ ಗೊತ್ತಿದೆ.

ನೀವು ಕಳಿಸಿದ ಪಟ್ಟಿಯನ್ನು ಅವ್ವ ನಿಧಾನವಾಗಿ ಕಟ್ಟಿದಳು. ಗಾರ್ಡು ರಮಾಕಾಂತರು ಒಳ್ಳೆಯವರು. ಗಾಡಿ ಬಿಟ್ಟ ಮೇಲೆ ಅವ್ವ ಸ್ಟೇಶನ್ನಿನಲ್ಲಿ ಬಹಳ ಹೊತ್ತು ಕೂತಳು.

ಇತಿ
ಸಾವಕ್ಕ

*

ವಿಜಾಪುರ
24-4-1960

ಸಾವಕ್ಕನಿಗೆ,

ಬಾಗಲಕೋಟೆಯಲ್ಲಿ ರಮಾಕಾಂತರು ನೀರು ಕೊಡಲು ಪೆಟ್ಟಿಗೆ ತೆರೆದರಂತೆ. ಮೈ ಇನ್ನೂ ಬೆಚ್ಚಗಿತ್ತಂತೆ. ಬಾಯಿಪಟ್ಟಿಯೊಳಗೆ ಹುಗ್ಗಿ ತುಂಬಿಕೊಂಡಿತ್ತು. ಉಸಿರಾಡಲು ಜಾಗವಿರಲಿಲ್ಲ. ಮುಂಗಾಲಿನಿಂದ ಪಟ್ಟಿಯನ್ನು ಕೆರೆದೂ ಕೆರೆದೂ ಉಗುರುಗಳಲ್ಲಿ ರಕ್ತ ಬಂದಿತ್ತು.

ನಾನು ಸ್ಟೇಶನ್ನಿಗೆ ಬಟ್ಟಲಲ್ಲಿ ಅನ್ನ-ಹಾಲು ತೆಗೆದುಕೊಂಡು ಹೋಗಿದ್ದೆ.

ನಿನ್ನ ಪತ್ರ ಎರಡು ದಿನ ಬಿಟ್ಟು ಬಂತು. ಮಣೆ ಹಾಕಿ ಉಣಿಸಿದೆಯಂತೆ. ನಾನು ಸ್ಪಷ್ಟವಾಗಿ ಬರೆದಿದ್ದೆ, ಸಾವಕ್ಕ. ಏನೂ ಉಣಿಸಬೇಡ, ಉಸಿರು ಸಿಕ್ಕಿಕೊಳ್ಳುತ್ತದೆ ಎಂದು ಬರೆದಿದ್ದೆ. ಅತ್ತೆಯವರ ಮಾತಿಗೆ ನಿನಗೆ ಸಿಟ್ಟು ಬಂದಿರಬೇಕು. ಆ ಸಿಟ್ಟನ್ನು ನನ್ನ ಮೇಲೆ ತೀರಿಸಬಹುದಿತ್ತು. ಅದರ ಮೇಲೆ ಯಾಕೆ ತೀರಿಸಿದೆ?

ಇನ್ನು ಪತ್ರ ಬೇಡ.

ತಾರಾಬಾಯಿ

*

ಬೈರಿದೇವರಕೊಪ್ಪ
30-4-1960

ತಾರಾಬಾಯಿಯವರಿಗೆ,

ತಪ್ಪಾಯಿತು. ನೀವು ಬರೆದದ್ದನ್ನು ಮರೆತೆ. ಕ್ಷಮಿಸಿರಿ.

ಸಾವಕ್ಕ

*

"ಇದನ್ನ ನಿಮ್ಮವ್ವ ಬರಸಿದಳೇನ?" ಎಂದು ಒಬ್ಬಳು ಕೇಳಿದಳು.

"ಇಲ್ಲ. ಅವ್ವಗ ನಾ, ಬತ್ತಾಸಿ ಬಿಸಲಿಗೆ ಸತ್ತೈತಿ ಅಂತ ಓದಿ ಹೇಳಿದ್ನಿ. ಅವ್ವ ಬರಸಿದ್ದು ಬ್ಯಾರೆ ಇತ್ತು."

ಸಾವಕ್ಕ ಅವತ್ತು ಗೋಡೆಗೆ ಒರಗಿ ಕೂತಿದ್ದಳು. "ಬರಿ" ಎಂದಳು. "ಬಾಯಾರ, ಅಳಬ್ಯಾಡ್ರಿ. ಬಿಸಲ ಯಾರ ಕೈಯಾಗೂ ಇಲ್ಲ. ಆಕಿ ಹಸಗೊಂಡು ಹೋಗಲಿಲ್ಲ, ಹೊಟ್ಟಿ ತುಂಬ ಉಂಡು ಹೋದ್ಲು. ಅದೊಂದು ಸಮಾಧಾನ ಇಟಗೋರಿ."

ಉಡಚವ್ವ ತಲೆ ಬಗ್ಗಿಸಿ ಕಾಗದದ ಮೇಲೆ ಪೆನ್ನು ಆಡಿಸಿದಳು. ತಾಯಿ ಹೇಳುತ್ತಿದ್ದುದು ಒಂದು, ಕೈ ಬರೆಯುತ್ತಿದ್ದುದು ಇನ್ನೊಂದು.

"ಎಲ್ಲಾ ಬರದಿ?"

"ಎಲ್ಲಾ ಬರದ್ನಿ."

*

ಗಬ್ಬೂರ
3-10-1965

ತಾರಾಬಾಯಿಯವರಿಗೆ ಉಡಚವ್ವನ ನಮಸ್ಕಾರಗಳು.

ನಿಮ್ಮ ಹಳೆಯ ವಿಳಾಸಕ್ಕೇ ಬರೆಯುತ್ತಿದ್ದೇನೆ. ನಾನು ಈಗ ಇಲ್ಲಿಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಕಳೆದ ಶ್ರಾವಣದಲ್ಲಿ ಅವ್ವ ತೀರಿಕೊಂಡಳು.

ನೀವು ಪತ್ರ ಬೇಡವೆಂದಿದ್ದಿರಿ. ಆದರೂ ಇದನ್ನು ಕೊನೆಯವರೆಗೆ ಓದಿರಿ. ಅವ್ವ ನಿಮ್ಮ ಮಾತು ಮೀರಲಿಲ್ಲ. ಉಣಿಸಬೇಡವೆಂದು ನೀವು ಬರೆದದ್ದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಓದಲಿಲ್ಲ. ನಿಮ್ಮ ಅತ್ತೆಯವರ ಮಾತನ್ನು ಅವಳ ಕಿವಿಗೆ ಹಾಕಬಾರದೆಂದು ಆ ಭಾಗವನ್ನೇ ಬಿಟ್ಟೆ.

ಇಷ್ಟೇ ಆಗಿದ್ದರೆ ನಾನು ಇಷ್ಟು ವರ್ಷ ಸುಮ್ಮನಿರುತ್ತಿರಲಿಲ್ಲ. ಅವತ್ತು ಮುಂಜಾನೆ ಅವ್ವ ನಾಲ್ಕು ತುತ್ತು ಉಣಿಸಿ, "ಸಾಕು, ಸಣ್ಣ ಹೊಟ್ಟಿ" ಎಂದು ಕೈ ತೊಳೆದಳು. ಉಳಿದ ಹುಗ್ಗಿಯನ್ನು ಉಣಿಸಿದವಳು ನಾನು. ಬಟ್ಟಲು ಬರಿದಾಗುವವರೆಗೆ ಉಣಿಸಿದೆ. ನಮ್ಮ ಕೇರಿಯ ಅನ್ನವನ್ನು ಹೊಟ್ಟೆ ತುಂಬ ತುಂಬಿಕೊಂಡು ಅದು ಆ ಹೊಸ್ತಿಲು ದಾಟಲಿ ಎಂದು ಉಣಿಸಿದೆ. ಬತ್ತಾಸಿಗೆ ಅದು ಗೊತ್ತಾಗಲಿಲ್ಲ. ನನ್ನ ಕೈ ನೆಕ್ಕಿತು.

ಆಮೇಲೆ ತಪ್ಪನ್ನು ಅವ್ವನ ಹೆಸರಿನಲ್ಲಿ ಬರೆದು ಅವಳದೇ ಸಹಿ ಹಾಕಿದೆ. ಅವ್ವ ಐದು ವರ್ಷ, ಟಪಾಲಿನವನು ಕೇರಿಗೆ ಬಂದಾಗಲೆಲ್ಲ, "ಬಾಯಾರ ಕಾಗದ ಬಂತೇನ?" ಎಂದು ಕೇಳುತ್ತಿದ್ದಳು. "ಅವರಿಗೆ ನನ್ನ ಮ್ಯಾಲೆ ಯಾಕ ಸಿಟ್ಟು?" ಎಂದು ಒಮ್ಮೆ ಕೇಳಿದಳು. ನಾನು ಸ್ಲೇಟು ಒರೆಸುತ್ತ ಕೂತಿದ್ದೆ. ಉತ್ತರ ಕೊಡುವ ಧೈರ್ಯ ಬರುವ ಹೊತ್ತಿಗೆ ಅವಳಿಲ್ಲ.

ಸಿಟ್ಟಿದ್ದರೆ ನನ್ನ ಮೇಲೆ ಇರಲಿ. ಅವ್ವನ ಮೇಲಿನದನ್ನು ತೆಗೆದುಬಿಡಿರಿ.

ಇತಿ
ಉಡಚವ್ವ

*

ವಿಜಾಪುರ
19-10-1965

ಚಿ. ಉಡಚವ್ವನಿಗೆ,

ನಿನ್ನ ಪತ್ರ ಬಂದು ಆರು ದಿನವಾಯಿತು. ಇವತ್ತು ಬರೆಯಲು ಕೂತಿದ್ದೇನೆ.

ಆ ಮಾತು ಅತ್ತೆಯವರದು, ಆದರೆ ಬರೆದ ಕೈ ನನ್ನದು. ಡಾಕ್ಟರರ ಮಾತೊಂದನ್ನೇ ಬರೆದಿದ್ದರೆ ನೀನು ಓದುತ್ತಿದ್ದೆ. ಅಷ್ಟೇ ಬರೆಯಬೇಕೆಂದು ನನಗೆ ಯಾಕೆ ಹೊಳೆಯಲಿಲ್ಲ? ಹಿತ್ತಲ ಬಾಗಿಲಲ್ಲಿ ಹನ್ನೊಂದು ವರ್ಷ ನಿಂತವಳು ಇದನ್ನೂ ಕೇಳಿಕೊಂಡು ನಿಲ್ಲುತ್ತಾಳೆಂದು ತಿಳಿದಿದ್ದೆ. ನೀನು ಆಗ ಹದಿನೈದು ವರ್ಷದ ಹುಡುಗಿ. ನಾನು ಮೂವತ್ತೆರಡರವಳಾಗಿದ್ದೆ. ಆ ಪಟ್ಟಿಯನ್ನು ಅಂಗಡಿಯಲ್ಲಿ ಆರಿಸಿ ತಂದವಳೂ ನಾನೇ.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಪೆನ್ನು ತೆಗೆದೆ. ಬಟ್ಟಲು ಬರಿದಾಗುವವರೆಗೆ ಎಂಬ ಮಾತಿಗೆ ಬಂದಾಗ ಕೈ ನಿಲ್ಲುತ್ತದೆ. ಸುಳ್ಳು ಬರೆಯಲಾರೆ. ಇನ್ನೊಂದು ವರ್ಷ ಹೋದರೆ ಬರೆದೇನು.

ಸಾವಕ್ಕನ ಮೇಲೆ ಈಗ ಸಿಟ್ಟಿಲ್ಲ. ಅದನ್ನು ಕೇಳಬೇಕಾದವಳಿಗೆ ಹೇಳಲು ನಮ್ಮಿಬ್ಬರಿಗೂ ದಾರಿಯಿಲ್ಲ.

ನಿಮ್ಮ ಪತ್ರಗಳನ್ನೆಲ್ಲ ಇದರೊಡನೆ ಕಳಿಸಿದ್ದೇನೆ. ನನ್ನಲ್ಲಿ ಇಟ್ಟುಕೊಳ್ಳಲಾರೆ, ಸುಡಲಾರೆ.

ತಾರಾಬಾಯಿ

*

ಉಡಚವ್ವ ಪತ್ರಗಳನ್ನು ಮಡಚಿ ದಾರ ಸುತ್ತಿದಳು. "ಇದಾದ ಮ್ಯಾಲೆ ಅವರದು ಬರಲಿಲ್ಲ" ಎಂದಳು. ಹೆಂಗಸರು ಸೆರಗು ಕೊಡವಿಕೊಂಡು ಎದ್ದರು.

ಮರುದಿನ ಮುಂಜಾನೆ ಅವಳು ಶಾಲೆಯ ಕೀಲಿ ತೆಗೆಯುವ ಹೊತ್ತಿಗೆ ರೆಹಮತ್‌ಬಿ ಕಟ್ಟೆಯ ಮೇಲೆ ಕೂತಿದ್ದಳು. ಅವಳ ಮಗ ಖಾದರಬಾಷಾ ಮುಂಬಯಿಗೆ ಹೋಗಿ ಏಳು ವರ್ಷವಾಗಿತ್ತು. ಕರವಸ್ತ್ರದ ಗಂಟು ಬಿಚ್ಚಿ, ಮಡಿಕೆಗಳಲ್ಲಿ ಹರಿದ ಅವನ ಒಂದು ಕಾಗದವನ್ನು ಉಡಚವ್ವನ ಕೈಗೆ ಕೊಟ್ಟಳು.

"ಬಂದಾಗ ನನ್ನ ತಮ್ಮ ಓದಿದ್ದ. ಸುಖದಾಗ ಅದಾನ, ಚಿಂತಿ ಮಾಡಬ್ಯಾಡ ಅಂತ ಬರದಾನ ಅಂದಿದ್ದ. ಕಾಗದ ನೋಡಿದ್ರ ಎರಡೂ ಮಗ್ಗಲ ತುಂಬೇತಿ. ಅಷ್ಟ ಮಾತಿಗೆ ಇಷ್ಟ ಬರೀತಾರೇನು?"

ಅವಳ ಹಿಂದೆ ನಿನ್ನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಗೋಡೆಯ ಪಕ್ಕಕ್ಕೆ ನಿಂತರು. ಒಬ್ಬಳ ಕೈಯಲ್ಲಿ ಕಾರ್ಡು, ಒಬ್ಬಳ ಕೈಯಲ್ಲಿ ಕುಪ್ಪಸದೊಳಗಿಂದ ತೆಗೆದ ನೀಲಿ ಇನ್‌ಲ್ಯಾಂಡು. ಎಲ್ಲವೂ ಹಿಂದೆಂದೋ ಓದಿಸಿಕೊಂಡಿದ್ದವೇ.

"ಅಕ್ಕೋರ, ಬಿಡದ ಓದ್ರಿ" ಎಂದಳು ರೆಹಮತ್‌ಬಿ. "ನಾ ಕುಂತೇನಿ."

ಉಡಚವ್ವ ಕಾಗದವನ್ನು ಬೆಳಕಿಗೆ ಹಿಡಿದು, ಒಮ್ಮೆ ಮುದುಕಿಯ ಮುಖ ನೋಡಿ, ಮೊದಲ ಸಾಲಿನಿಂದ ಓದತೊಡಗಿದಳು.